ಕೈಗವಸಿಗೆ ಸೊನ್ನೆ

ನಮ್ಮ ಊರಿನಲ್ಲಿ ಮಗಳಿಗೆ ಗಂಡು ಹುಡುಕುವವರು ಜಾತಕಕ್ಕಿಂತ ಮೊದಲು ಹುಡುಗನ ಅಂಗೈ ನೋಡುತ್ತಾರೆ. ತೀರ ಬೆಳ್ಳಗಿದ್ದರೆ ಇವನಿಗೆ ಬದುಕುವ ದಾರಿ ಗೊತ್ತಿಲ್ಲ ಎಂದು ಕಾಫಿ ಕುಡಿದು ಎದ್ದು ಹೋಗುತ್ತಾರೆ. ತೀರ ಕಪ್ಪಿಟ್ಟಿದ್ದರೆ ಇವತ್ತಲ್ಲ ನಾಳೆ ಮಗಳು ತೊಂದರೆಗೆ ಸಿಕ್ಕಿಕೊಂಡಾಳು ಎಂದು ಹೆದರುತ್ತಾರೆ. ಮೂರನೆಯ ಅಥವಾ ನಾಲ್ಕನೆಯ ನಂಬರಿನ ನೇರಳೆ ಬಣ್ಣ ಮರ್ಯಾದಸ್ಥರದು. ನನ್ನ ಯಜಮಾನರದು ಮದುವೆಯ ಹೊತ್ತಿಗೆ ಮೂರೂವರೆ ಇತ್ತೆಂದು ನಮ್ಮ ತಂದೆ ಕೊನೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದರು.

ಬಣ್ಣದ ನಡತೆ ಸರಳ. ಲಂಚ ತೆಗೆದುಕೊಂಡವರ ಅಂಗೈ ನೇರಳೆ ಹಣ್ಣು ಹಿಸುಕಿದ ಹಾಗೆ ಆಗುತ್ತದೆ. ಆ ಕೈಯಿಂದ ಇನ್ನೊಬ್ಬರಿಗೆ ದುಡ್ಡು ಹೋದರೆ, ಅವರು ಏನೂ ತಪ್ಪು ಮಾಡದವರಾದರೂ, ಅರ್ಧ ಬಣ್ಣ ಅವರಿಗೆ ಹತ್ತುತ್ತದೆ. ಅವರಿಂದ ಮುಂದಿನವರಿಗೆ ಅದರ ಅರ್ಧ. ಹೊಸದಾಗಿ ಬಣ್ಣ ಬರುವುದು ನಿಂತರೆ ಎರಡು ತಿಂಗಳಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ಅದಕ್ಕೆ ಮೊದಲು ಹುಣಸೆಹಣ್ಣಿಗಾಗಲಿ, ಸೀಮೆಎಣ್ಣೆಗಾಗಲಿ ಅದು ಬಗ್ಗುವುದಿಲ್ಲ. ಕೈ ನೋಡಿ ಭವಿಷ್ಯ ಹೇಳುವವರು ರೇಖೆಗಳೇ ಕಾಣದೆ ಬಹಳ ಹಿಂದೆಯೇ ಊರು ಬಿಟ್ಟರು. ನಮ್ಮ ಪುರಸಭೆಯವರು ಬುದ್ಧಿವಂತರು. ಎಲ್ಲ ಬೀದಿಗಳಲ್ಲೂ ನೇರಳೆ ಮರ ಹಾಕಿಸಿದ್ದಾರೆ. ಹಣ್ಣು ಉದುರಲು ಶುರುವಾದ ದಿನ ತಮಟೆ ಹೊಡೆದು ಸಾರುತ್ತಾರೆ. ಆಮೇಲೆ ಎರಡು ತಿಂಗಳು ಯಾರ ಕೈಯನ್ನೂ ಯಾರೂ ಅಳೆಯುವಂತಿಲ್ಲ, ಏಕೆಂದರೆ ಎಲ್ಲರೂ ಹಣ್ಣು ತಿಂದಿರುತ್ತಾರೆ. ಆ ಎರಡು ತಿಂಗಳು ಊರಿನ ಜನ ಕೈ ಬೀಸಿಕೊಂಡು ಓಡಾಡುವುದನ್ನು ನೋಡಬೇಕು.

ನಾನು ಆ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವಳು. ಕುಮುದಾ ಮೇಡಂ ಎಂದರೆ ಮಕ್ಕಳು ಹೆದರುತ್ತಿದ್ದರು, ಅವರ ಅಪ್ಪಂದಿರೂ ಹೆದರುತ್ತಿದ್ದರು, ಏಕೆಂದರೆ ಅವರಿಗೂ ನಾನೇ ಹೇಳಿಕೊಟ್ಟದ್ದು. ಒಂದು ದಿನ ಪುರಸಭೆಯ ಅಧ್ಯಕ್ಷ ದೇವೇಂದ್ರಯ್ಯನವರು ನನ್ನನ್ನು ಕರೆಸಿದರು. ಮೇಲಿನಿಂದ ಕಾಗದ ಬಂದಿತ್ತು. ಪ್ರತಿ ಊರೂ ತನ್ನ ಬಣ್ಣದ ಮೂಲ ಯಾವ ಕೈ ಎಂದು ಪತ್ತೆಮಾಡಿ, ಆ ಕೈಯನ್ನು ಕೆಲಸದಿಂದ ತೆಗೆದು, ವರ್ಷದೊಳಗೆ ಊರಿನ ಬಣ್ಣವನ್ನು ಎರಡು ನಂಬರು ಇಳಿಸಬೇಕು. ಇಳಿಸದಿದ್ದರೆ ಅನುದಾನ ನಿಲ್ಲುತ್ತದೆ. ಊಹೆಯ ಮಾತು ನಡೆಯುವುದಿಲ್ಲ, ಲೆಕ್ಕ ಹಾಕಿ ತೋರಿಸಬೇಕು. ದೇವೇಂದ್ರಯ್ಯನವರು ನನ್ನನ್ನು ಕೂರಿಸಿ, ಕಾಫಿ ತರಿಸಿ, ಈ ಕೆಲಸ ಊರಿನಲ್ಲಿ ನನ್ನೊಬ್ಬಳಿಂದ ಮಾತ್ರ ಸಾಧ್ಯ ಎಂದರು. ಅದು ನಿಜವೇ ಆಗಿತ್ತು, ಆದ್ದರಿಂದ ನಾನು ಬೇಡ ಎನ್ನಲಿಲ್ಲ. ಮುಂದಿನ ವರ್ಷ ಮುಖ್ಯೋಪಾಧ್ಯಾಯಿನಿಯ ಜಾಗ ಖಾಲಿಯಾಗುತ್ತದೆ ಎಂದೂ ಅವರು ಸುಮ್ಮನೆ ಹೇಳುವಂತೆ ಹೇಳಿದರು. ಬಾಯಿಮಾತಿಗೆ ಬಣ್ಣ ಹತ್ತುವುದಿಲ್ಲ. ನಮ್ಮ ಊರಿನ ಬಣ್ಣದಲ್ಲಿ ಅದೊಂದು ಕೊರತೆ.

ನನಗೆ ಸಹಾಯಕ್ಕೆ ಮುನೀರಣ್ಣ ಬಂದರು. ರೇಷ್ಮೆಗೆ ಬಣ್ಣ ಕಟ್ಟುವ ಮನೆತನ ಅವರದು. ಅಂಗೈ ಅಳೆಯುವ ಪಟ್ಟಿಯನ್ನು ಮಾಡಿದವರು ಅವರ ತಾತ. ಒಂದು ಗೇಣು ಅಗಲದ ಹಲಗೆಗೆ ರೇಷ್ಮೆಯ ಹದಿನಾರು ತುಂಡುಗಳನ್ನು ಸಾಲಾಗಿ ಅಂಟಿಸಿರುತ್ತಾರೆ. ಒಂದನೆಯದರಲ್ಲಿ ಬಣ್ಣ ಇದೆಯೆಂದು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಹದಿನಾರನೆಯದು ಬಿಸಿಲಿಗೆ ಹಿಡಿದರೆ ನೇರಳೆ, ನೆರಳಿನಲ್ಲಿ ಕಪ್ಪೇ. ಮುನೀರಣ್ಣ ಯಾರದೋ ಕೈಯನ್ನು ಕಂಡ ಕೂಡಲೇ ಮನಸ್ಸಿನಲ್ಲೇ ನಂಬರು ಹಾಕಿಬಿಡುತ್ತಿದ್ದರು, ಆದರೂ ಹಲಗೆ ಹಿಡಿಯದೆ ಬಾಯಿ ಬಿಡುತ್ತಿರಲಿಲ್ಲ.

ನನ್ನ ವಿಧಾನ ಹೀಗಿತ್ತು. ಊರಿನಲ್ಲಿ ದುಡಿಯುವ ನಾನೂರ ಹನ್ನೆರಡು ಜನರ ಹೆಸರು ಬರೆದುಕೊಂಡೆ. ಯಾರಿಗೆ ಯಾರಿಂದ ಎಷ್ಟು ಪಾಲು ದುಡ್ಡು ಬರುತ್ತದೆ ಎಂದು ಕೇಳಿ, ಒಬ್ಬರಿಂದ ಒಬ್ಬರಿಗೆ ಗೆರೆ ಎಳೆದೆ. ಗೆರೆಗಳ ಹಾಳೆ ಶಾಲೆಯ ಹಜಾರದ ಗೋಡೆಯಷ್ಟು ಆಯಿತು. ಒಬ್ಬರ ಅಂಗೈಯ ಬಣ್ಣ ಎಂದರೆ ಅವರಿಗೆ ದುಡ್ಡು ಕೊಡುವವರ ಬಣ್ಣದ ಅರ್ಧ, ಅದರ ಮೇಲೆ ಅವರು ಸ್ವಂತವಾಗಿ ತಿಂದದ್ದು. ಕೊಡುವವರ ಬಣ್ಣವೂ ಗೊತ್ತು, ತೆಗೆದುಕೊಂಡವರ ಬಣ್ಣವೂ ಗೊತ್ತು. ಕಳೆದರೆ ಉಳಿಯುವುದು ಸ್ವಂತದ್ದು. ಯಾರಲ್ಲಿ ಅದು ಅತಿ ಹೆಚ್ಚು ಉಳಿಯುತ್ತದೋ ಅದೇ ಮೂಲದ ಕೈ. ನಾನೂರ ಹನ್ನೆರಡು ಸಮೀಕರಣಗಳು. ಅಷ್ಟನ್ನು ಒಟ್ಟಿಗೆ ಬಿಡಿಸಿದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ನನಗೆ ಜಂಬ ಬಂದಿದ್ದರೆ ಅದು ಕಾರಣವಿಲ್ಲದ ಜಂಬವಲ್ಲ.

ಪುರಸಭೆಯವರು ಮೂರೇ ನಿಯಮ ಕೊಟ್ಟಿದ್ದರು. ಗವಸು ಹಾಕಿದ ಕೈಯನ್ನು ಸೊನ್ನೆ ಎಂದು ಬರೆಯತಕ್ಕದ್ದು. ಗವಸಿನ ಬಣ್ಣ ಕಣ್ಣಾರೆ ಬೇರೆ ಕಂಡರೆ ಮಾತ್ರ ತಿದ್ದತಕ್ಕದ್ದು. ಅಳೆಯುವವರ ಕೈಯನ್ನೂ ಸೊನ್ನೆ ಎಂದು ಬರೆಯತಕ್ಕದ್ದು. ಊರಿನಲ್ಲಿ ಗವಸು ಹಾಕುವವರು ಒಬ್ಬರೇ, ದೇವೇಂದ್ರಯ್ಯನವರು. ಅವರ ಚರ್ಮಕ್ಕೆ ಗಾಳಿ ಆಗುವುದಿಲ್ಲವಂತೆ. ಬಿಳಿಯ ದಪ್ಪ ಹತ್ತಿಯ ಗವಸು, ದಿನಕ್ಕೆ ನಾಲ್ಕು ಜೊತೆ. ಬಿಚ್ಚಿದ್ದನ್ನು ಒಗೆಯಲು ಕೊಡುವುದಿಲ್ಲ, ಸುಡಿಸುತ್ತಾರೆ. ಪ್ರತಿ ತಿಂಗಳು ಒಂದನೇ ತಾರೀಖು ಪುರಸಭೆಯ ಜಗಲಿಯಲ್ಲಿ ಕೂತು ಊರಿನ ಎಲ್ಲ ನೌಕರರಿಗೆ ಆ ಗವಸಿನ ಕೈಯಿಂದಲೇ ಸಂಬಳ ಕೊಡುತ್ತಾರೆ. ನಾವು ಸಹಿ ಹಾಕುವ ಮೊತ್ತ ಒಂದು, ಕೈಗೆ ಬರುವುದು ಇನ್ನೊಂದು. ನಡುವಿನ ವ್ಯತ್ಯಾಸಕ್ಕೆ ಗವಸಿನ ಖರ್ಚು ಎಂದು ಹೆಸರು. ಇಷ್ಟು ಗೊತ್ತಿದ್ದೂ ಅವರ ಹೆಸರಿನ ಮುಂದೆ ಸೊನ್ನೆ ಬರೆದೆಯಾ ಎಂದು ನೀವು ಕೇಳಬಹುದು. ಬರೆದೆ. ನಿಯಮ ಹಾಗಿತ್ತು. ಬುಟ್ಟಿಯಲ್ಲಿ ಹಣ್ಣಿಲ್ಲದಿದ್ದರೆ ಅದು ಸೊನ್ನೆ, ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟಿದ್ದರೆ ಅದು ಸೊನ್ನೆಯಲ್ಲ, ಅದಕ್ಕೆ ‘ಕ್ಷ’ ಎಂದು ಹೆಸರಿಡಿ ಎಂದು ಏಳನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಟ್ಟವಳು ನಾನು. ಹೇಳಿಕೊಟ್ಟ ಮಾತು ಯಾವ ಹೊತ್ತಿಗೆ ತನಗೇ ಬೇಕಾಗುತ್ತದೆ ಎಂದು ಯಾರಿಗೂ ತಿಳಿದಿರುವುದಿಲ್ಲ.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಳೆದೆವು. ಆಮೇಲೆ ಮೂರು ವಾರ ನಾನು ಹಜಾರದಲ್ಲಿ ಒಬ್ಬಳೇ ಕೂತು ಬಿಡಿಸಿದೆ. ಕೊನೆಗೆ ಬಂದ ಹೆಸರನ್ನು ನೋಡಿ ಲೆಕ್ಕ ತಪ್ಪಿದೆಯೆಂದು ಮೊದಲಿನಿಂದ ಹಾಕಿದೆ. ಮತ್ತೆ ಅದೇ ಬಂತು. ಹೆರಿಗೆ ಆಸ್ಪತ್ರೆಯ ಆಯಾ ಕೆಂಚಮ್ಮ. ಅಂಗೈಯ ಬಣ್ಣ ಎಂಟು. ಹೆಚ್ಚುಕಡಿಮೆ ಎಂಟೂ ಸ್ವಂತದ್ದು.

ಎಂಟರ ಕೈಗಳು ಊರಿನಲ್ಲಿ ಬೇಕಾದಷ್ಟಿದ್ದವು. ನಲ್ಲಿ ಬಿಡುವವನದು ಎಂಟು, ಆದರೆ ಅವನಿಗೆ ದುಡ್ಡು ಕೊಡುವ ಹೋಟೆಲಿನವರು ಹತ್ತರವರು. ಅವನ ಬಣ್ಣದಲ್ಲಿ ಐದಕ್ಕೆ ಅಲ್ಲೇ ಕಾರಣ ಸಿಗುತ್ತಿತ್ತು. ಕಂದಾಯದ ಗುಮಾಸ್ತನದೂ, ಸಂಬಳದ ಉಳಿದವರದೂ ಹಾಗೆಯೇ. ಕೆಂಚಮ್ಮನಿಗೆ ದುಡ್ಡು ಬರುತ್ತಿದ್ದದ್ದು ಎರಡೇ ಕಡೆಯಿಂದ. ಒಂದು ಸಂಬಳ, ಅದು ಸೊನ್ನೆಯ ಕೈಯಿಂದ. ಇನ್ನೊಂದು, ಕೂಸನ್ನು ಎತ್ತಿ ತಂದು ತೋರಿಸಿದಾಗ ಮನೆಯವರು ಖುಷಿಯಿಂದ ಕೊಡುವ ಸಿಹಿದುಡ್ಡು. ಕೊಡುವವರು ಹೊಸದಾಗಿ ತಂದೆತಾಯಿ ಆದವರು, ಎಳೆಯರು, ಒಂದು ಎರಡರ ಕೈಯವರು. ಅಷ್ಟು ತೆಳು ಬಣ್ಣದವರಿಂದ ಎಂಟು ಬರುವುದು ಸಾಧ್ಯವಿಲ್ಲ. ಆದ್ದರಿಂದ ಅವಳೇ ತಿಂದಿರಬೇಕು. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಕೆಂಚಮ್ಮ ನನಗೆ ಗೊತ್ತಿಲ್ಲದವಳಲ್ಲ. ನನ್ನ ಮಗಳನ್ನು ಮೊದಲು ಎತ್ತಿದವಳು ಅವಳು. ಅವಳು ಕೂಸು ತರುವ ರೀತಿಯೇ ಬೇರೆ ಇತ್ತು. ಎರಡೂ ಮುಂಗೈಗಳ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿ, ಅಂಗೈಗಳನ್ನು ಹೊರಗೆ ತಿರುಗಿಸಿಕೊಂಡು ತರುತ್ತಿದ್ದಳು. ಯಾಕೆ ಹಾಗೆ ಎಂದು ನಾನು ಅವತ್ತು ಕೇಳಿದ್ದೆ. ಹೊಸ ಕೂಸಿಗೆ ಈ ಕೈ ಯಾಕೆ ಎಂದಿದ್ದಳು. ನನ್ನ ಯಜಮಾನರು ಹತ್ತು ರೂಪಾಯಿ ಕೊಟ್ಟರೆ, ಹೆಣ್ಣುಕೂಸಿಗೆ ಇನ್ನೂ ಜಾಸ್ತಿ ಕೊಡಬೇಕಪ್ಪ ಎಂದು ತಮಾಷೆ ಮಾಡಿ ನಕ್ಕಿದ್ದಳು. ಇದೆಲ್ಲ ನೆನಪಾಯಿತು. ನೆನಪುಗಳಿಗೆ ಸಮೀಕರಣದಲ್ಲಿ ಜಾಗವಿಲ್ಲ ಎಂದುಕೊಂಡು ನಾನು ವರದಿಗೆ ಸಹಿ ಹಾಕಿದೆ.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಸಿಹಿದುಡ್ಡು ತೆಗೆದುಕೊಂಡೆಯಾ ಎಂದು ಕೇಳಿದರು, ಹೌದು ಎಂದಳು. ಕೇಳಿ ತೆಗೆದುಕೊಂಡೆಯಾ ಎಂದರು, ಕೊಟ್ಟರೆ ಬೇಡ ಅನ್ನಲಿಲ್ಲ ಎಂದಳು. ಆದೇಶದಲ್ಲಿ, ಬೇರೆ ಯಾರ ಕೈಯಿಂದಲೂ ಬಂದಿರಲಾರದ ಬಣ್ಣ ಹೊಂದಿದ್ದರಿಂದ ಇವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಬರೆದರು. ಅವಳ ಪಿಂಚಣಿಗೆ ಇನ್ನು ಎರಡು ವರ್ಷ ಬಾಕಿ ಇತ್ತು. ಅದು ಪೂರ್ತಿಯಾಗದೆ ಹೋದರೆ ಇಪ್ಪತ್ತೆಂಟು ವರ್ಷದ ದುಡಿಮೆಗೆ ಒಂದು ಕಾಸೂ ಇಲ್ಲ. ಹೊರಗೆ ಬರುವಾಗ ನನ್ನ ಎದುರು ನಿಂತಳು. ಬೈಯುತ್ತಾಳೆಂದು ನಾನು ಮೈ ಬಿಗಿಹಿಡಿದೆ.

“ಮೇಡಮ್ಮೋರೆ, ವಯಸ್ಸಾದ್ಮೇಲೆ ಯಾರ ಮುಂದೂ ಕೈ ಒಡ್ಡಬಾರದು ಅಂತಿದ್ದೆ, ಅಷ್ಟೇಯ. ನಿಮ್ ಲೆಕ್ಕ ಸರಿಯಾಗೇ ಇರ್ತದೆ ಬಿಡಿ” ಎಂದಳು. ವ್ಯಂಗ್ಯವಾಗಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ನಿಜವಾಗಿಯೂ ನಂಬಿಯೇ ಹೇಳಿದಳು.

ಮೂಲದ ಕೈ ತೆಗೆದರೆ ಅರವತ್ತು ದಿನಗಳಲ್ಲಿ ಊರು ಎರಡು ನಂಬರು ಇಳಿಯುತ್ತದೆ ಎಂದು ವರದಿಯ ಕೊನೆಯಲ್ಲಿ ನಾನೇ ಬರೆದಿದ್ದೆ. ಅರವತ್ತೊಂದನೆಯ ದಿನ ಮುನೀರಣ್ಣನೂ ನಾನೂ ಹಲಗೆ ಹಿಡಿದುಕೊಂಡು ಮತ್ತೆ ಹೊರಟೆವು. ನಲ್ಲಿಯವನದು ಎಂಟು. ಗುಮಾಸ್ತನದು ಎಂಟು. ಕಿರಾಣಿ ಅಂಗಡಿಯವನದು ಐದು, ಮೊದಲೂ ಐದು. ಸಂಜೆಯ ಹೊತ್ತಿಗೆ ನೂರು ಕೈ ನೋಡಿದ್ದೆವು; ಒಂದೂ ಕದಲಿರಲಿಲ್ಲ. ಮುನೀರಣ್ಣ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿದರು. ನಾನು ಹೇಳಿ ಎಂದು ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟರು.

“ಬಣ್ಣದ ತೊಟ್ಟೀನ ಬಿಟ್ಬಿಟ್ಟು, ನೂಲನ್ನ ಎತ್ತಿ ಬಿಸಾಕಿದಂಗಾಯ್ತು ಮೇಡಂ. ನೂಲು ಬಣ್ಣ ಕುಡಿಯುತ್ತೆ, ಮಾಡಲ್ಲ.”

ನನಗೆ ಸಿಟ್ಟು ಬಂತು. ಬಣ್ಣ ಕಟ್ಟುವವರು ಬಣ್ಣ ಕಟ್ಟಲಿ, ಲೆಕ್ಕ ನನಗೆ ಬಿಡಲಿ ಎಂದೆ. ಹಾಗೆ ಎಂದವಳು ಮಾರನೆಯ ದಿನ ಬೆಳಿಗ್ಗೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ಕೆಂಚಮ್ಮನನ್ನು ಹುಡುಕಿಕೊಂಡು ಹೋದೆ.

ಅವಳು ಈಗ ಮನೆಮನೆಗೆ ಹೋಗಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಹೂವಿನ ಬೀದಿಯ ಒಂದು ಮನೆಯ ಬಚ್ಚಲಲ್ಲಿ ಸಿಕ್ಕಳು. ಕಾಲು ಚಾಚಿ ಕೂತು, ಹನ್ನೆರಡು ದಿನದ ಕೂಸೊಂದನ್ನು ಕಾಲಮೇಲೆ ಮಲಗಿಸಿಕೊಂಡಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅವಳು ಬರಿಯ ಅಂಗೈಯಿಂದ ಕೂಸಿನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಬಟ್ಟೆ ಇಲ್ಲ, ಮುಂಗೈ ಇಲ್ಲ. ಕೂಸು ಅವಳ ಅಂಗೈಯೊಳಗೆ ತಲೆಯಿಟ್ಟು ಕಣ್ಣು ಮುಚ್ಚಿತ್ತು.

ನೀರು ಹಾಕಿ ಮುಗಿದ ಮೇಲೆ ಮನೆಯವರು ಅವಳ ಕೈಗೆ ದುಡ್ಡು ಕೊಟ್ಟರು. ಅದೇ ಸಿಹಿದುಡ್ಡು. ಆಸ್ಪತ್ರೆಯಲ್ಲಿದ್ದಾಗ ಕೊಡುತ್ತಿದ್ದಂಥ ಎಳೆಯ ತಂದೆತಾಯಿಗಳೇ ಈಗಲೂ ಕೊಡುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಮನೆಯಾದ್ದರಿಂದ ಮೊದಲಿಗಿಂತ ಹೆಚ್ಚೇ ಬರುತ್ತಿತ್ತು. ಹಿತ್ತಿಲ ಕಟ್ಟೆಯ ಮೇಲೆ ಕೂತು ನಾನು ಅವಳ ಕೈ ಕೇಳಿದೆ. ಅವಳು ಸೀರೆಗೆ ಒರೆಸಿ ಕೊಟ್ಟಳು. ಹಲಗೆಯನ್ನು ಪಕ್ಕದಲ್ಲಿ ಹಿಡಿದೆ. ಒಂದು. ಬಿಸಿಲಿಗೆ ತಿರುಗಿಸಿ ಮತ್ತೆ ಹಿಡಿದೆ. ಒಂದೇ. ಕೈಯ ರೇಖೆಗಳು ಎಲ್ಲಾ ಕಾಣುತ್ತಿದ್ದವು. ಸಿಹಿದುಡ್ಡು ಹಾಗೆಯೇ ಇದೆ, ಬಣ್ಣ ಹೋಗಿದೆ. ಹೋದದ್ದು ಇನ್ನು ಯಾವುದು ಎಂದು ಕೇಳಿಕೊಳ್ಳಲು ನಾನೂರ ಹನ್ನೆರಡು ಸಮೀಕರಣ ಬೇಕಿರಲಿಲ್ಲ. ಹೋದದ್ದು ಸಂಬಳ.

“ನನ್ದೇನೋ ನೋಡಿದ್ರಿ. ನಿಮ್ದು ಎಷ್ಟೈತೆ?” ಎಂದು ಕೆಂಚಮ್ಮ ಕೇಳಿದಳು.

ಅಳೆಯುವವರ ಕೈಯನ್ನು ಅಳೆಯುವಂತಿಲ್ಲ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ, ಹಲಗೆಯನ್ನು ನನ್ನ ಕೈಯಿಂದ ಇಸಿದುಕೊಂಡು, ನನ್ನ ಬಲಗೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಅಂಗಾತ ಇಟ್ಟಳು, ಕೂಸಿನ ಕೈಯನ್ನು ಬಿಡಿಸುವ ಹಾಗೆ ಒಂದೊಂದೇ ಬೆರಳು ಬಿಡಿಸಿ. ನನ್ನ ಅಂಗೈ ನೇರಳೆ ಇದೆಯೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕಾರ್ಬನ್ ಕಾಗದದ್ದು ಇರಬೇಕು, ಎಲ್ಲರಿಗೂ ಇರುವಷ್ಟು ನನಗೂ ಇದೆ ಎಂದುಕೊಂಡಿದ್ದೆ. ಹಲಗೆಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಿರಲಿಲ್ಲ, ಅಷ್ಟೇ. ಕೆಂಚಮ್ಮನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಒಂದೊಂದೇ ತುಂಡನ್ನು ಬೆರಳಿಟ್ಟು ಎಣಿಸಿಕೊಂಡು ಹೋಗಿ ನಿಂತಳು. ಎಂಟು.

ಯಾರಿಂದಲೂ ಒಂದು ಕಾಸು ಮುಟ್ಟಿದವಳಲ್ಲ ನಾನು. ಮನೆಪಾಠ ಕೂಡ ಹೇಳಿದವಳಲ್ಲ. ನನಗೆ ಬರುವ ದುಡ್ಡು ಎಂದರೆ ಸಂಬಳ ಒಂದೇ. ನನ್ನ ಹೆಸರಿನ ಮುಂದೆ ಸೊನ್ನೆಯ ಬದಲು ಎಂಟು ಬರೆದಿದ್ದರೆ, ಬೇರೆ ಯಾರ ಕೈಯಿಂದಲೂ ಬಂದಿರಲಾರದ ಬಣ್ಣದವಳು ಎಂದು ಆ ಸಮೀಕರಣಗಳು ನನ್ನನ್ನೂ ತೋರಿಸುತ್ತಿದ್ದವು. ಕೆಂಚಮ್ಮನ ಜೊತೆ ನಾನೂ ಮನೆಗೆ ಹೋಗುತ್ತಿದ್ದೆ. ನಾಚಿಕೆಯಿಂದ ನನಗೆ ಕಣ್ಣು ತುಂಬಿತು. ಅವಳು ಕಂಡೂ ಕಾಣದ ಹಾಗೆ ಎದ್ದು, ಇನ್ನೊಂದು ಮನೆಗೆ ಹೊತ್ತಾಯಿತು ಎಂದು ಎಣ್ಣೆಯ ಬಟ್ಟಲು ತೊಳೆದಳು.

ಅವತ್ತು ಮಧ್ಯಾಹ್ನ ಹಜಾರಕ್ಕೆ ಹೋಗಿ ಗವಸಿನ ಮುಂದಿದ್ದ ಸೊನ್ನೆಯ ಜಾಗದಲ್ಲಿ ‘ಕ್ಷ’ ಇಟ್ಟು ಬಿಡಿಸಿದೆ. ಎರಡೇ ಸಾಲು ಸಾಕಾಯಿತು. ಕೆಂಚಮ್ಮನ ಎಂಟು, ನನ್ನ ಎಂಟು. ಇಬ್ಬರಿಗೂ ದುಡ್ಡು ಬರುವ ಕೈ ಒಂದೇ. ಬಂದದ್ದು ಅರ್ಧವಾದರೆ ಅಲ್ಲಿರುವುದು ಹದಿನಾರು. ಮೂರು ವಾರ ತೆಗೆದುಕೊಂಡು ತಪ್ಪು ಉತ್ತರ ಕಂಡುಹಿಡಿದವಳಿಗೆ ಸರಿ ಉತ್ತರ ಊಟ ಆರುವುದರೊಳಗೆ ಸಿಕ್ಕಿತು.

ದೇವೇಂದ್ರಯ್ಯನವರ ಬಳಿಗೆ ಹೋಗಿ ತಿದ್ದುಪಡಿ ಕೊಟ್ಟೆ. ಅವರು ಓದಿ, ಗವಸಿನ ಬೆರಳುಗಳಿಂದ ಹಾಳೆಯನ್ನು ನೀಟಾಗಿ ಮಡಿಸಿದರು. ಸಿಟ್ಟಾಗಲಿಲ್ಲ. ಮೇಜಿನ ಮೇಲೆ ಒಂದು ಬಟ್ಟಲು ನೇರಳೆ ಹಣ್ಣಿತ್ತು, ಯಾರೋ ತೋಟದಿಂದ ಮುಂಚಿತವಾಗಿ ತಂದದ್ದು. ಅದನ್ನು ನನ್ನ ಕಡೆಗೆ ಸರಿಸಿದರು.

“ನಾಲ್ಕು ಹಣ್ಣು ತಿನ್ನಿ ಮೇಡಂ. ಆಮೇಲೆ ನಿಮ್ಮ ಕೈ ಎಂಟಾದರೇನು, ಹತ್ತಾದರೇನು. ನಿಮ್ಮ ಸಾಲಿನಲ್ಲಿ ಸೊನ್ನೆ ಹಾಗೇ ಇರಲಿ, ಜೂನಿನಲ್ಲಿ ಮುಖ್ಯೋಪಾಧ್ಯಾಯಿನಿ ಆಗಿ ಕೂತುಕೊಳ್ಳಿ.”

ನನಗೆ ಆ ಜಾಗ ಬೇಕಿತ್ತು. ಬೇಡವಾಗಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಬಟ್ಟಲನ್ನು ಬಹಳ ಹೊತ್ತು ನೋಡಿದೆ. ನೇರಳೆ ಹಣ್ಣೆಂದರೆ ನನಗೆ ಪ್ರಾಣ. ಕೊನೆಗೆ, ಈ ವರ್ಷ ತಿನ್ನುವುದಿಲ್ಲ ಎಂದು ಹೇಳಿ ಎದ್ದೆ. ಮನೆಗೆ ಹೋಗುವ ದಾರಿಯಲ್ಲಿ ತಿದ್ದುಪಡಿಯ ಪ್ರತಿಯನ್ನು ಪುರಸಭೆಯ ನೋಟೀಸು ಹಲಗೆಗೆ ಅಂಟಿಸಿದೆ. ಕುಮುದಾ, ಗಣಿತ ಶಿಕ್ಷಕಿ, ಸೊನ್ನೆಗೆ ಬದಲು ಎಂಟು ಎಂದು ಓದಿಕೊಳ್ಳತಕ್ಕದ್ದು.

ಇದರಿಂದ ಪುರಸಭೆ ಇಕ್ಕಟ್ಟಿಗೆ ಸಿಕ್ಕಿತು. ಕೆಂಚಮ್ಮನನ್ನು ತೆಗೆದ ಕಾರಣಕ್ಕೇ ನನ್ನನ್ನೂ ತೆಗೆಯಬೇಕು. ಅಳೆದವಳನ್ನೇ ಮೂಲದ ಕೈ ಎಂದರೆ ಅಳತೆಯೆಲ್ಲ ಬಿದ್ದುಹೋಗಿ ಅನುದಾನ ಇಲ್ಲ. ಒಂದು ವಾರ ಯೋಚನೆ ಮಾಡಿ, ಕೆಂಚಮ್ಮನ ಆದೇಶವನ್ನು ವಾಪಸು ತೆಗೆದುಕೊಂಡರು. ತಿಂಗಳಿಡೀ ದುಡಿದು ಮುಂದಿನ ಒಂದನೇ ತಾರೀಖಿಗೆ ಸಂಬಳಕ್ಕೆ ಬರಬೇಕೆಂದು ಹೇಳಿಕಳಿಸಿದರು. ನನ್ನನ್ನು ಊರಾಚೆಯ ಶಾಲೆಗೆ ಹಾಕಿದರು. ಅಲ್ಲಿ ಐದನೇ ತರಗತಿಯವರೆಗೆ ಮಾತ್ರ ಇದೆ, ‘ಕ್ಷ’ ಹೇಳಿಕೊಡುವ ಪ್ರಮೇಯವಿಲ್ಲ. ಗವಸಿನ ಸೊನ್ನೆ ಹಾಗೆಯೇ ಉಳಿಯಿತು. ಗವಸಿನ ಬಣ್ಣ ಬೇರೆ ಎಂದು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಇನ್ನು ಕೆಲವೇ ವಾರಕ್ಕೆ ನೇರಳೆಯ ತಮಟೆ ಬೀಳುತ್ತದೆ. ಆ ವರ್ಷದ ಹಾಳೆಗಳಿಗೆ ಮುದ್ರೆ ಹಾಕಿ ಕಟ್ಟಿಡುತ್ತಾರೆ. ಆಮೇಲೆ ಯಾವ ಅಂಕಿಯನ್ನೂ ಮುಟ್ಟುವಂತಿಲ್ಲ.

ಕೆಂಚಮ್ಮ ಕೆಲಸಕ್ಕೆ ಹೋದಳೆಂದು ತಿಳಿದು ನನಗೆ ಸ್ವಲ್ಪ ಬೇಸರವಾಯಿತು. ಸಂಬಳ ತೆಗೆದುಕೊಂಡರೆ ಆ ಕೈ ಮತ್ತೆ ಎಂಟಕ್ಕೆ ಏರುತ್ತದೆ, ಕೂಸು ಮತ್ತೆ ಮುಂಗೈ ಮೇಲೆ ಬರುತ್ತದೆ. ಅದನ್ನು ಅವಳಿಗೆ ಹೇಳಿದೆ. “ಬಿಳೀ ಕೈ ಇಟ್ಕಂಡು ಪಿಂಚಣಿ ಇಲ್ದೆ ಏನ್ ತಿನ್ಲಿ?” ಎಂದು ಕೇಳಿದಳು.

ಒಂದನೇ ತಾರೀಖು ಬಂತು. ಬಿಸಿಲು ಇನ್ನೂ ಇಳಿದಿರಲಿಲ್ಲ, ಪುರಸಭೆಯ ಅಂಗಳದಲ್ಲಿ ನಿಂತರೆ ಚಪ್ಪಲಿ ದಾಟಿ ಸುಡುತ್ತಿತ್ತು. ಮರಗಳಲ್ಲಿ ನೇರಳೆ ಕೆಂಪಾಗಿತ್ತು, ಕಪ್ಪಾಗಿರಲಿಲ್ಲ. ಸಾಲು ಬೇಲಿಯವರೆಗೆ ಬೆಳೆದಿತ್ತು. ಕೆಂಚಮ್ಮ ನನ್ನ ಮುಂದೆ, ಅಳತೆಯ ಕೂಲಿಗೆ ಬಂದ ಮುನೀರಣ್ಣ ನನ್ನ ಹಿಂದೆ. ದೇವೇಂದ್ರಯ್ಯನವರು ಜಗಲಿಯ ಮೇಜಿನ ಹಿಂದೆ ಕೂತಿದ್ದರು. ಹೊಸ ಗವಸಿನ ಜೊತೆಗಳು ಒಳಗಿನ ಕೋಣೆಯಲ್ಲಿರುತ್ತಿದ್ದವು. ಅರ್ಧ ಸಾಲು ಮುಗಿದಾಗ ಎದ್ದು ಹೋಗಿ ಬದಲಾಯಿಸಿ ಬರುವುದು ಅವರ ರೂಢಿ. ಕೆಂಚಮ್ಮನ ಹೆಸರು ಕರೆದರು. ಅವಳು ಹೆಬ್ಬೆಟ್ಟು ಒತ್ತಿದಳು. ಅವರು ದುಡ್ಡು ಚಾಚಿದರು. ಅವಳು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

“ಗವಸು ತೆಗೀರಿ ಸ್ವಾಮಿ. ನನ್ ಕೈಗೆ ಬಣ್ಣ ಎಲ್ಲಿಂದ ಬತ್ತದೆ ಅಂತ ಕಣ್ಣಲ್ಲಿ ನೋಡ್ಬುಟ್ಟು ಇಸ್ಕತೀನಿ. ನಾಳೀಕೆ ಕೂಸು ಮುಟ್ಟೋ ಕೈಯಿದು.”

ದೇವೇಂದ್ರಯ್ಯನವರು ನಕ್ಕರು. ತಮ್ಮ ಚರ್ಮದ ತೊಂದರೆ ಊರಿಗೇ ಗೊತ್ತಲ್ಲ ಎಂದರು. ದುಡ್ಡು ಬೇಡವಾದರೆ ಪಕ್ಕಕ್ಕೆ ನಿಲ್ಲಬೇಕು ಎಂದರು. ಬೇಕು, ಆದರೆ ಪಕ್ಕಕ್ಕೆ ನಿಲ್ಲುವುದಿಲ್ಲ ಎಂದಳು. ಅವರು ಅವಳ ಭುಜದ ಮೇಲಿಂದ ನನ್ನತ್ತ ದುಡ್ಡು ಚಾಚಿ, ಬನ್ನಿ ಮೇಡಂ, ನೀವು ಓದಿದವರು ಎಂದು ಕರೆದರು. ನನ್ನ ಬಲಗೈ ಅಭ್ಯಾಸದಿಂದ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ಅದರ ಎಂಟು ನನಗೆ ಕಂಡಿತು. ಹಿಂದಕ್ಕೆ ತೆಗೆದುಕೊಂಡು, ನಾನೂ ಬೆನ್ನ ಹಿಂದೆ ಕಟ್ಟಿಕೊಂಡೆ. ನನ್ನ ಹಿಂದಿನ ಸಾಲಿನಿಂದ ಯಾರೂ ಮುಂದೆ ಬರಲಿಲ್ಲ.

ಎದ್ದು ಒಳಗೆ ಹೋದರೆ ಸೋತ ಹಾಗೆ ಎಂದು ದೇವೇಂದ್ರಯ್ಯನವರಿಗೆ ಅನಿಸಿರಬೇಕು. ದುಡ್ಡು ಹಿಡಿದ ಕೈಯನ್ನು ಚಾಚಿಕೊಂಡೇ ಕೂತರು. ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ಕೆಂಚಮ್ಮ ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕಿದಳು. ನಾನು ಅವಳ ಮೊಣಕೈ ಹಿಡಿದುಕೊಂಡೆ. ದೇವೇಂದ್ರಯ್ಯನವರ ಹಣೆಯಿಂದ ಬೆವರು ಇಳಿದು ಕಾಲರಿಗೆ ಹೋಗುತ್ತಿತ್ತು. ಆಗ ಮುನೀರಣ್ಣ ನನ್ನ ಕಿವಿಯ ಹತ್ತಿರ, ಹಿಡಿಸಲಾರದಷ್ಟು ಬಣ್ಣ ಕುಡಿದದ್ದು ಬೆವರಿಗೆ ಬಿಡುತ್ತದೆ, ಗವಸು ನೋಡಿ ಎಂದರು. ಬಿಳಿಯ ಹತ್ತಿಯ ಮೇಲೆ, ಅಂಗೈಯ ಮಧ್ಯದಲ್ಲಿ, ಒಂದು ಕಾಸಿನಗಲ ನೇರಳೆ ಕಂಡಿತು. ನಾವು ನೋಡುತ್ತಿದ್ದಂತೆ ಅದು ಬೆರಳುಗಳಿಗೆ ಹೋಯಿತು, ಮಣಿಕಟ್ಟಿಗೆ ಬಂತು. ಒಂದು ಹನಿ ಸಂಬಳದ ಪುಸ್ತಕದ ಮೇಲೆ ಬಿತ್ತು. ದೇವೇಂದ್ರಯ್ಯನವರು ಕೈ ಕೆಳಗೆ ಇಳಿಸುವಷ್ಟರಲ್ಲಿ ಬೇಲಿಯವರೆಗಿನ ಸಾಲಿಗೆ ಅದು ಗೊತ್ತಾಗಿತ್ತು.

ಮುನೀರಣ್ಣ ಬಟ್ಟೆ ಬಿಚ್ಚಿ ಹಲಗೆ ತೆಗೆದರು, ಜಗಲಿ ಹತ್ತಿ, ಎಲ್ಲರಿಗೂ ಮಾಡುವಷ್ಟೇ ಮರ್ಯಾದೆಯಿಂದ ಅದನ್ನು ಆ ಗವಸಿನ ಪಕ್ಕದಲ್ಲಿ ಹಿಡಿದರು. ಹದಿನಾರನೆಯ ತುಂಡಿನವರೆಗೆ ಸರಿಸಿಕೊಂಡು ಹೋಗಿ ನಿಂತು, ಇದರಿಂದಾಚೆಗೆ ನನ್ನ ಹತ್ತಿರ ಬಣ್ಣ ಇಲ್ಲ ಮೇಡಂ ಎಂದರು. ಊರಿನಲ್ಲಿ ಇನ್ನೂ ತಮಟೆ ಬಿದ್ದಿರಲಿಲ್ಲ. ನಾನು ಚೀಲದಿಂದ ಗವಸಿನ ಸಾಲಿದ್ದ ಹಾಳೆಯನ್ನೂ ರಬ್ಬರನ್ನೂ ತೆಗೆದು, ಕೆಂಚಮ್ಮನ ಬೆನ್ನ ಮೇಲೆ ಹಾಳೆಯಿಟ್ಟು, ಸೊನ್ನೆಯನ್ನು ಅಳಿಸಿದೆ.